ಬಿತ್ತನೆ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದು ಹೇಗೆ?

ಬಿತ್ತನೆಗೆಂದು ಎತ್ತಿಟ್ಟ ಮೆಕ್ಕೆಜೋಳದ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂತು, ಕಾಳಿನ ಮೇಲೆ ಹಸಿರು ಪುಡಿ ಕಂಡಿತು ಎಂದರೆ ಆ ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಬೂಷ್ಟು ಕಣ್ಣಿಗೆ ಬೀಳುವುದು ಕೊನೆಯ ಹಂತದಲ್ಲಿ. ಅದಕ್ಕೂ ವಾರಗಳ ಮೊದಲೇ ಅದು ಕಾಳಿನ ಚೂಪು ತುದಿಯಿಂದಲೋ ಸಿಪ್ಪೆಯ ಬಿರುಕಿನಿಂದಲೋ ಒಳಹೊಕ್ಕು ಮೊಳಕೆಯ ಭಾಗವನ್ನು ಮುಗಿಸಿರುತ್ತದೆ. ಎಣ್ಣೆ ಮತ್ತು ಸಾರ ಹೆಚ್ಚಿರುವುದು ಅಲ್ಲೇ, ಹಾಗಾಗಿ ಶಿಲೀಂಧ್ರ ಮೊದಲು ಹುಡುಕುವುದೂ ಅದನ್ನೇ. ಹಿಟ್ಟಿನ ಭಾಗ ಹೊಳೆಯುತ್ತಲೇ ಇರುತ್ತದೆ, ಕಾಳು ನೋಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಬಿತ್ತಿದರೆ ಹುಟ್ಟುವುದಿಲ್ಲ.

ಔಷಧಿ ಹಚ್ಚಿದರೆ ಸಾಕು ಎಂಬ ನಂಬಿಕೆಯೇ ಹೆಚ್ಚು ಬೀಜವನ್ನು ಹಾಳು ಮಾಡಿದೆ. ಸಂಗ್ರಹದ ಬೂಷ್ಟಿನ ವಿಷಯದಲ್ಲಿ ಔಷಧಿಯದು ಸಣ್ಣ ಪಾತ್ರ. ಕಾಳಿನೊಳಗಿನ ನೀರು, ಕೋಣೆಯ ಗಾಳಿಯಲ್ಲಿನ ನೀರು ಮತ್ತು ಬಿಸಿ, ಈ ಮೂರನ್ನು ಹಿಡಿತದಲ್ಲಿಟ್ಟರೆ ಉಳಿದದ್ದು ಹಗುರ.

ಯಾವ ಬೂಷ್ಟು, ಎಲ್ಲಿಂದ ಬಂತು

ಕಾಳಿಗೆ ಎರಡು ಕಡೆಯಿಂದ ಬೂಷ್ಟು ತಗಲುತ್ತದೆ. ಹೊಲದಲ್ಲೇ ತೆನೆಗೆ ಹತ್ತುವುದರಲ್ಲಿ ಫ್ಯುಸೇರಿಯಂ ಮುಖ್ಯ. ಬಿಳಿ ಅಥವಾ ನಸುಗುಲಾಬಿ ಹತ್ತಿಯಂಥ ಬೆಳವಣಿಗೆ. ಕೆಲವೊಮ್ಮೆ ಕಾಳಿನ ನೆತ್ತಿಯಿಂದ ಹೊರಟ ಬಿಳಿ ಗೆರೆಗಳು ನಕ್ಷತ್ರದಂತೆ ಹರಡಿರುತ್ತವೆ. ಇದಕ್ಕೆ ಕಾಳಿನಲ್ಲಿ ಸುಮಾರು ಶೇ 20ಕ್ಕಿಂತ ಹೆಚ್ಚು ತೇವಾಂಶ ಬೇಕು. ಒಣಗಿಸಿದೊಡನೆ ಅದರ ಬೆಳವಣಿಗೆ ನಿಲ್ಲುತ್ತದೆ, ಆದರೆ ಒಳಗೆ ಹೊಕ್ಕದ್ದು ತಿಂಗಳುಗಟ್ಟಲೆ ಜೀವಂತ ಉಳಿಯಬಲ್ಲದು.

ಕೋಣೆಗೆ ಬಂದ ಮೇಲೆ ಹೆಚ್ಚುವುದು ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಗುಂಪಿನವು. ಹಳದಿ ಮಿಶ್ರಿತ ಹಸಿರು ಪುಡಿಯಾದರೆ ಆಸ್ಪರ್ಜಿಲಸ್ ಫ್ಲೇವಸ್. ಅಫ್ಲಟಾಕ್ಸಿನ್ ಎಂಬ ವಿಷ ಮಾಡುವುದು ಮುಖ್ಯವಾಗಿ ಇದೇ. ಕರಿ ಮಸಿಯಂತಿದ್ದರೆ ಆಸ್ಪರ್ಜಿಲಸ್ ನೈಜರ್. ನೀಲಿ ಹಸಿರು ಬಣ್ಣ ಸಿಪ್ಪೆಯ ಅಡಿಯಲ್ಲಿ, ಮೊಳಕೆಯ ಭಾಗದಲ್ಲೇ ಚುಕ್ಕೆಯಾಗಿ ಕಂಡರೆ ಅದು ಬಹುಮಟ್ಟಿಗೆ ಪೆನಿಸಿಲಿಯಂ. ತಂಪು ಪೆನಿಸಿಲಿಯಂಗೆ ಅಷ್ಟಾಗಿ ಅಡ್ಡಿಯಲ್ಲ, ಹಾಗಾಗಿ ತಣ್ಣಗಿನ ಕೋಣೆ ಎಂದು ಒದ್ದೆ ಬೀಜ ಇಟ್ಟವರಿಗೆ ಈ ನೀಲಿ ಚುಕ್ಕೆಯ ಪರಿಚಯ ಚೆನ್ನಾಗಿಯೇ ಇರುತ್ತದೆ.

ತೇವಾಂಶದ ಲೆಕ್ಕ

ಕಾಳು ಮತ್ತು ಸುತ್ತಲಿನ ಗಾಳಿ ಸದಾ ನೀರು ಕೊಟ್ಟು ತೆಗೆದುಕೊಳ್ಳುತ್ತಿರುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಆರ್ದ್ರತೆ ಶೇ 65 ಇದ್ದರೆ ಮೆಕ್ಕೆಜೋಳ ಸುಮಾರು ಶೇ 13 ತೇವಾಂಶದಲ್ಲಿ ನಿಲ್ಲುತ್ತದೆ. ಶೇ 70 ಇದ್ದರೆ ಸುಮಾರು 14, ಶೇ 75 ಇದ್ದರೆ ಸುಮಾರು 15, ಶೇ 85 ಇದ್ದರೆ ಹತ್ತಿರ ಹತ್ತಿರ 18. ಗಾಳಿಯ ಆರ್ದ್ರತೆ ಶೇ 65ರ ಕೆಳಗಿದ್ದರೆ ಸಂಗ್ರಹದ ಬೂಷ್ಟು ಬೆಳೆಯುವುದಿಲ್ಲ. ಶೇ 70 ದಾಟಿದರೆ ಬರ ತಡೆಯುವ ಒಂದೆರಡು ಜಾತಿ ನಿಧಾನವಾಗಿ ಶುರುವಾಗುತ್ತವೆ. ಆಸ್ಪರ್ಜಿಲಸ್ ಫ್ಲೇವಸ್‌ಗೆ ಶೇ 80ರಿಂದ 85 ಬೇಕು. 30ರಿಂದ 35 ಡಿಗ್ರಿ ಬಿಸಿ ಅದಕ್ಕೆ ಹಬ್ಬ.

ಹಾಗಾದರೆ ತೇವಾಂಶ ಅಳೆಯುವ ಮೀಟರ್ ಶೇ 13 ತೋರಿಸಿದ ರಾಶಿಯಲ್ಲೂ ಹಸಿರು ಬೂಷ್ಟು ಬರುವುದೇಕೆ? ಮೀಟರ್ ಹೇಳುವುದು ಸರಾಸರಿಯನ್ನು. ಬೂಷ್ಟಿಗೆ ಸರಾಸರಿಯ ಹಂಗಿಲ್ಲ. ಶೇ 12ರ ಒಂಬತ್ತು ಚೀಲಕ್ಕೆ ಶೇ 20ರ ಒಂದು ಚೀಲ ಬೆರೆಸಿದರೆ ಲೆಕ್ಕದಲ್ಲಿ ಶೇ 12.8 ಬರುತ್ತದೆ, ಆದರೆ ಆ ಒಂದು ಚೀಲದಷ್ಟು ಒದ್ದೆ ಕಾಳು ರಾಶಿಯೊಳಗೆ ಗುಂಪಾಗಿ ಉಳಿದಿದ್ದರೆ ಅಲ್ಲೇ ಬೂಷ್ಟು ಹುಟ್ಟುತ್ತದೆ. ಹುಟ್ಟಿದ ಬೂಷ್ಟು ಉಸಿರಾಡಿ ಬಿಸಿ ಮತ್ತು ನೀರು ಬಿಡುತ್ತದೆ. ಆ ನೀರು ಪಕ್ಕದ ಒಣ ಕಾಳನ್ನು ನೆನೆಸುತ್ತದೆ. ಬೇರೆ ಬೇರೆ ದಿನ ಕೊಯ್ದದ್ದನ್ನು, ಬೇರೆ ಬೇರೆ ಮಟ್ಟದಲ್ಲಿ ಒಣಗಿದ್ದನ್ನು ಒಂದೇ ರಾಶಿಗೆ ಸುರಿಯಬೇಡಿ. ಪ್ರತಿ ಚೀಲದ ಮೇಲ್ಭಾಗ, ನಡುಭಾಗ, ತಳದಿಂದ ಬೇರೆ ಬೇರೆ ಮಾದರಿ ತೆಗೆದು ಅಳೆಯಿರಿ, ಅತಿ ಹೆಚ್ಚು ಬಂದ ಅಂಕಿಯನ್ನೇ ಆ ರಾಶಿಯ ತೇವಾಂಶವೆಂದು ತಿಳಿಯಿರಿ.

ಬೀಜಕ್ಕೆ ಗುರಿ ಸಾಮಾನ್ಯ ಚೀಲದಲ್ಲಿ ಶೇ 12 ಅಥವಾ ಅದಕ್ಕೂ ಕಡಿಮೆ, ಗಾಳಿಯಾಡದ ಡಬ್ಬಿಯಲ್ಲಿ ಶೇ 8. ತಿನ್ನುವ ಕಾಳಿಗೆ ಶೇ 13.5 ಸಾಕೆನ್ನುವ ಮಾತನ್ನು ಬೀಜಕ್ಕೆ ಹೊಂದಿಸಬೇಡಿ. ಶೇ 14ರಿಂದ 5ರ ನಡುವೆ ತೇವಾಂಶ ಒಂದು ಅಂಕ ಇಳಿದಷ್ಟೂ, ಬಿಸಿ 5 ಡಿಗ್ರಿ ಇಳಿದಷ್ಟೂ ಬೀಜದ ಆಯುಸ್ಸು ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜಶಾಸ್ತ್ರದ ಹಳೆಯ ಲೆಕ್ಕ. ಕಟ್ಟುನಿಟ್ಟಿನ ಸೂತ್ರವಲ್ಲದಿದ್ದರೂ ದಾರಿ ತೋರಲು ಸಾಕು.

ಮೊದಲ ಹೆಜ್ಜೆ: ಕೊಯ್ಲು, ತೆನೆ ಆಯುವುದು

ಕಾಳನ್ನು ದಿಂಡಿನಿಂದ ಕಿತ್ತು ಚೂಪು ತುದಿಯನ್ನು ಉಗುರಿನಿಂದ ಕೆರೆದು ನೋಡಿ. ಕಪ್ಪು ಪದರ ಕಂಡರೆ ಕಾಳು ಬಲಿತಿದೆ. ಆಗ ತೇವಾಂಶ ಶೇ 30ರಿಂದ 35ರಷ್ಟಿರುತ್ತದೆ. ಅಲ್ಲಿಂದ ಮುಂದೆ ಗಿಡದಲ್ಲಿ ಬಿಟ್ಟ ಪ್ರತಿ ದಿನವೂ ಬೀಜಕ್ಕೆ ಲಾಭವಿಲ್ಲ. ಮಳೆ, ಹಕ್ಕಿ, ಕಾಯಿಕೊರಕ ಹುಳುಗಳಿಂದ ನಷ್ಟವೇ. ಒಣಗಿಸುವ ಅನುಕೂಲವಿದ್ದರೆ ತೆನೆಯಾಗಿಯೇ ಕೊಯ್ದು ತನ್ನಿ. ಅನುಕೂಲವಿಲ್ಲದಿದ್ದರೆ ಹೊಲದಲ್ಲಿ ಒಣಗಲು ಬಿಡುವುದು ಅನಿವಾರ್ಯ, ಆದರೆ ಮಳೆಯ ಮುನ್ಸೂಚನೆ ಇದ್ದಾಗ ಕಾಯುತ್ತ ಕೂರಬೇಡಿ. ಕೊಯ್ದ ಹಸಿ ತೆನೆಯನ್ನು ಪ್ಲಾಸ್ಟಿಕ್ ಹಾಳೆಯಡಿ ರಾಶಿ ಹಾಕಿ ಒಂದು ರಾತ್ರಿ ಬಿಟ್ಟರೂ ನಡುವೆ ಕೈಯಿಟ್ಟಾಗ ಬೆಚ್ಚಗಾಗಿರುತ್ತದೆ. ಸಿಪ್ಪೆ ಸುಲಿದು ಆ ದಿನವೇ ಹರವಿ.

ಬೂಷ್ಟನ್ನು ಅತಿ ಕಡಿಮೆ ಖರ್ಚಿನಲ್ಲಿ ಹೊರಹಾಕಲು ಸಿಗುವ ಅವಕಾಶ ಕಾಳು ಬಿಡಿಸುವ ಮೊದಲು. ಒಂದು ತೆನೆಯಲ್ಲಿ ಐನೂರರ ಸುಮಾರಿಗೆ ಕಾಳು ಇರುತ್ತವೆ. ತೆನೆಯಾಗಿದ್ದಾಗ ಒಂದೇ ಕೈಯಲ್ಲಿ ಎತ್ತಿ ಎಸೆಯಬಹುದಾದದ್ದನ್ನು ಬಿಡಿಸಿದ ಮೇಲೆ ಹೆಕ್ಕಿ ತೆಗೆಯಲು ಆಗದು. ನೆಲಕ್ಕೆ ತಾಗಿದ ತೆನೆ, ಹುಳು ಕೊರೆದದ್ದು, ಹಕ್ಕಿ ಕುಕ್ಕಿದ್ದು, ತುದಿಗೆ ಬೂಷ್ಟು ಹಿಡಿದದ್ದು ಬೀಜಕ್ಕೆ ಬೇಡ. ತುದಿ ಮಾತ್ರ ಕೆಟ್ಟಿದೆ, ಮುರಿದು ಉಳಿದದ್ದು ಇಟ್ಟುಕೊಳ್ಳೋಣ ಎಂದು ಹಲವರಿಗೆ ಅನ್ನಿಸುತ್ತದೆ. ದಿಂಡಿನ ಮೂಲಕ ಶಿಲೀಂಧ್ರ ಪಕ್ಕದ ಕಾಳಿಗೆ ಹೊಕ್ಕಿರುವುದು ಹೊರಗೆ ಕಾಣದು, ಹಾಗಾಗಿ ಬೀಜದ ಮಟ್ಟಿಗೆ ಇಡೀ ತೆನೆಯನ್ನೇ ಕೈಬಿಡುವುದು ಸರಿ.

ಎರಡನೆಯ ಹೆಜ್ಜೆ: ಒಣಗಿಸುವುದು

ತೆನೆಯಲ್ಲೇ ಶೇ 13ರ ಹತ್ತಿರಕ್ಕೆ ಒಣಗಿಸಿ ಆಮೇಲೆ ಕಾಳು ಬಿಡಿಸುವುದು ಬೀಜಕ್ಕೆ ಒಳ್ಳೆಯ ಕ್ರಮ. ಹಸಿ ಕಾಳು ಯಂತ್ರಕ್ಕೆ ಸಿಕ್ಕರೆ ಜಜ್ಜಿಹೋಗುತ್ತದೆ, ಸಿಪ್ಪೆ ಹರಿಯುತ್ತದೆ. ತೆನೆಗಳನ್ನು ನೆಲದಿಂದ ಎತ್ತರಿಸಿದ ಜಾಲರಿಯ ಮೇಲೆ ತೆಳ್ಳಗೆ ಹರಡಿ, ಕೆಳಗಿನಿಂದಲೂ ಗಾಳಿ ಆಡಲಿ. ಬಿಡಿ ಕಾಳನ್ನು ಬಿಸಿಲಿಗೆ ಹರವುವುದಾದರೆ 3ರಿಂದ 5 ಸೆಂ.ಮೀ. ದಪ್ಪ ಸಾಕು, ಗಂಟೆಗೊಮ್ಮೆ ಕಲಸಿ. ಬರಿ ನೆಲ ಬೇಡ. ನೆಲದ ತೇವ ಮೇಲೇರುತ್ತದೆ, ಮಣ್ಣಿನಲ್ಲೇ ಬೂಷ್ಟಿನ ಬೀಜಾಣುಗಳಿರುತ್ತವೆ. ಕಪ್ಪು ಪ್ಲಾಸ್ಟಿಕ್ ಹಾಳೆ ಉರಿಬಿಸಿಲಿನಲ್ಲಿ ಕಾಳನ್ನು ಬೇಯಿಸುವಷ್ಟು ಕಾಯುತ್ತದೆ, ಆದ್ದರಿಂದ ತಿಳಿ ಬಣ್ಣದ ಟಾರ್ಪಾಲಿನ್ ಬಳಸಿ. ಕಾಳಿನ ನಡುವೆ ಥರ್ಮಾಮೀಟರ್ ಇಟ್ಟು ನೋಡಿ. 43 ಡಿಗ್ರಿ ದಾಟಿದರೆ ನೆರಳಿಗೆ ಎಳೆಯಿರಿ. ಸಂಜೆ ಕಾಳು ತಣಿದ ಮೇಲೆ ಮುಚ್ಚಿ. ಬಿಸಿಯಿರುವಾಗಲೇ ಮುಚ್ಚಿದರೆ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಹಗಲು ಒಣಗಿದ್ದು ರಾತ್ರಿ ನೆನೆಯುತ್ತದೆ.

ಯಂತ್ರದಲ್ಲಿ ಒಣಗಿಸುವವರು ತೇವಾಂಶ ಶೇ 20ಕ್ಕೆ ಇಳಿಯುವ ತನಕ ಗಾಳಿಯ ಬಿಸಿ 35ರಿಂದ 38 ಡಿಗ್ರಿ ಇಟ್ಟು, ಆಮೇಲಷ್ಟೇ 40ರಿಂದ 43ಕ್ಕೆ ಏರಿಸಬೇಕು. ಬೇಗ ಮುಗಿಸಲು 50, 60 ಡಿಗ್ರಿ ಕೊಟ್ಟರೆ ಹಸಿ ಮೊಳಕೆ ಸಾಯುತ್ತದೆ. ಉಳಿದ ಕಾಳಿನ ಹೊರಮೈ ಬೇಗ ಕುಗ್ಗಿ ಒಳಗೆ ಸೀಳು ಬೀಳುತ್ತದೆ, ಒಕ್ಕುವಾಗ ಆ ಸೀಳಿನಲ್ಲೇ ಒಡೆಯುತ್ತದೆ.

ಎಷ್ಟು ಒಣಗಿತೆಂದು ತಿಳಿಯಲು ತೂಕವೇ ನಂಬಿಗಸ್ತ ಸಾಕ್ಷಿ. ಒಣಗಿಸಲು ಹೊರಟ ಕಾಳಿನಲ್ಲಿ 10 ಕೆ.ಜಿ.ಯನ್ನು ಜಾಳಿಗೆಯ ಚೀಲದಲ್ಲಿ ತುಂಬಿ, ಉಳಿದದ್ದರ ಜೊತೆಯಲ್ಲೇ ಅಷ್ಟೇ ತೆಳ್ಳಗೆ ಹರಡಿ ಒಣಗಿಸಿ. ಮೊದಲಿನ ತೂಕವನ್ನು ನೂರರಿಂದ ಮೊದಲಿನ ತೇವಾಂಶ ಕಳೆದ ಸಂಖ್ಯೆಯಿಂದ ಗುಣಿಸಿ, ನೂರರಿಂದ ಬೇಕಾದ ತೇವಾಂಶ ಕಳೆದ ಸಂಖ್ಯೆಯಿಂದ ಭಾಗಿಸಿದರೆ ಕೊನೆಯ ತೂಕ ಸಿಗುತ್ತದೆ. ಶೇ 20ರಿಂದ 12ಕ್ಕೆ ಬರಬೇಕಾದರೆ 10ನ್ನು 80ರಿಂದ ಗುಣಿಸಿ 88ರಿಂದ ಭಾಗಿಸಿ: 9.09 ಕೆ.ಜಿ. ಚೀಲ ಅಷ್ಟಕ್ಕೆ ಇಳಿಯುವವರೆಗೂ ಕೆಲಸ ಮುಗಿದಿಲ್ಲ.

ಮೀಟರಿನಿಂದ ಅಳೆಯುವವರು ಒಣಗಿಸಿದ ದಿನವೇ ಅಳೆದು ನಿರ್ಧರಿಸಬಾರದು. ಹೊರಪದರ ಒಣಗಿ ಒಳಗೆ ನೀರು ಉಳಿದಿರುವಾಗ ಮೀಟರ್ ಕಡಿಮೆ ತೋರಿಸುತ್ತದೆ. ರಾತ್ರಿಯಿಡೀ ಮುಚ್ಚಿಟ್ಟು ಮರುದಿನ, ಕಾಳು ತಣಿದಿರುವಾಗ ಅಳೆದರೆ ನಿಜ ತಿಳಿಯುತ್ತದೆ. ಒಂದು ಅಂಕ ಏರಿದ್ದರೆ ಅಚ್ಚರಿಪಡಬೇಡಿ, ಮತ್ತೆ ಹರವಿ. ವರ್ಷಕ್ಕೊಮ್ಮೆಯಾದರೂ ಮೀಟರನ್ನು ಒಲೆಯ ಪರೀಕ್ಷೆಗೆ ಹೋಲಿಸಿ ಸರಿಪಡಿಸಿಕೊಳ್ಳಿ: ಪುಡಿ ಮಾಡಿದ ಮೆಕ್ಕೆಜೋಳವನ್ನು ಪ್ರಯೋಗಾಲಯದ ಒಲೆಯಲ್ಲಿ 130 ಡಿಗ್ರಿಯಲ್ಲಿ 4 ಗಂಟೆ ಇಟ್ಟು ಕಳೆದ ತೂಕ ನೋಡುವುದು ಅದರ ಕ್ರಮ.

ಮೀಟರ್ ಇಲ್ಲದವರು ಒಣ ಉಪ್ಪಿನ ಪರೀಕ್ಷೆ ಮಾಡುತ್ತಾರೆ. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಒಂದೆರಡು ಚಮಚ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ, ಒಂದೆರಡು ನಿಮಿಷ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಒದ್ದೆ. ಆದರೆ ಇದರ ಮಿತಿ ತಿಳಿದಿರಲಿ. ಉಪ್ಪು ನೀರು ಹೀರುವುದು ಗಾಳಿಯ ಆರ್ದ್ರತೆ ಸುಮಾರು ಶೇ 75 ಮುಟ್ಟಿದಾಗ, ಅಂದರೆ ಕಾಳಿನಲ್ಲಿ ಶೇ 15ರ ಆಸುಪಾಸು ಇದ್ದಾಗ. ಉಪ್ಪು ಅಂಟಲಿಲ್ಲವೆಂದರೆ 15ಕ್ಕಿಂತ ಕಡಿಮೆ ಎಂದಷ್ಟೇ ಅರ್ಥ. ಬೀಜಕ್ಕೆ ಅದು ಸಾಲದು. ಇದಕ್ಕಿಂತ ಒಳ್ಳೆಯದು ಗಾಳಿಯ ಆರ್ದ್ರತೆ ಅಳೆಯುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್. ಪಾರದರ್ಶಕ ಡಬ್ಬಿಯ ತುಂಬ ಕಾಳು ಹಾಕಿ, ಅದರ ನಡುವೆ ಹೈಗ್ರೋಮೀಟರ್ ಹೂತು, ಮುಚ್ಚಿ ನೆರಳಿನಲ್ಲಿ ರಾತ್ರಿ ಬಿಡಿ. ಬೆಳಗ್ಗೆ ಶೇ 60 ಅಥವಾ ಅದಕ್ಕೂ ಕಡಿಮೆ ಇದ್ದರೆ ಕಾಳು ಒಳಗಿಡಲು ಸಿದ್ಧ. 65 ಮೀರಿದ್ದರೆ ಇಲ್ಲ.

ಮೂರನೆಯ ಹೆಜ್ಜೆ: ಒಕ್ಕುವುದು, ಶುಚಿ ಮಾಡುವುದು

ಗಟ್ಟಿ ಸಿಪ್ಪೆಯ ಇಡೀ ಕಾಳಿಗೆ ಬೂಷ್ಟು ಸುಲಭವಾಗಿ ಹೊಗಲಾರದು, ಒಡೆದದ್ದಕ್ಕೆ ಹೊಗುತ್ತದೆ. ಆದ್ದರಿಂದ ಒಕ್ಕುವ ಯಂತ್ರದ ವೇಗ ಇಳಿಸಿ. ನಿಮ್ಮ ಯಂತ್ರ ಎಷ್ಟು ಪೆಟ್ಟು ಕೊಡುತ್ತಿದೆ ಎಂದು ನೋಡಲು ನೂರು ಕಾಳನ್ನು ಶೇ 0.1ರ ಫಾಸ್ಟ್ ಗ್ರೀನ್ ಬಣ್ಣದ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೊಳೆಯಿರಿ. ಕಣ್ಣಿಗೆ ಕಾಣದ ಬಿರುಕೆಲ್ಲ ಹಸಿರಾಗಿ ನಿಲ್ಲುತ್ತದೆ. ಆ ನೂರು ಕಾಳನ್ನು ಮತ್ತೆ ರಾಶಿಗೆ ಸೇರಿಸಬೇಡಿ.

ಆಮೇಲೆ ತೂರಿ, ಜರಡಿ ಹಿಡಿಯಿರಿ. ನುಚ್ಚು ಮತ್ತು ದೂಳು ಬೂಷ್ಟಿಗೆ ಸಿದ್ಧ ಆಹಾರವಷ್ಟೇ ಅಲ್ಲ, ಕಾಳಿನ ನಡುವಿನ ಸಂದು ಮುಚ್ಚಿ ಗಾಳಿಯನ್ನೂ ತಡೆಯುತ್ತವೆ. ರಾಶಿ ಸುರಿಯುವಾಗ ಸರಿಯಾಗಿ ನಡುವೆ ಹೋಗಿ ಕೂರುವುದೂ ಇವೇ, ಬಿಸಿಯೇಳುವುದು ಹೆಚ್ಚಾಗಿ ಅಲ್ಲಿಂದಲೇ. ಹಗುರ ಕಾಳು, ಸುಕ್ಕುಗಟ್ಟಿದ್ದು, ಬಣ್ಣಗೆಟ್ಟದ್ದು ಹೋಗಲಿ.

ನಾಲ್ಕನೆಯ ಹೆಜ್ಜೆ: ಬೀಜೋಪಚಾರ

ಥೈರಮ್ ಅಥವಾ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ಸಾಮಾನ್ಯವಾಗಿ ಕೆ.ಜಿ. ಬೀಜಕ್ಕೆ 2ರಿಂದ 3 ಗ್ರಾಂನಂತೆ ಹಚ್ಚುತ್ತಾರೆ. ಪೊಟ್ಟಣದ ಮೇಲಿನ ಅಳತೆಯೇ ಕೊನೆಯ ಮಾತು, ನಿಮ್ಮಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದೂ ನೋಡಿಕೊಳ್ಳಿ. ಇವು ಸಿಪ್ಪೆಯ ಹೊರಗಿನ ಬೀಜಾಣುಗಳನ್ನು ತಡೆಯುತ್ತವೆ, ಬಿತ್ತಿದ ಮೇಲೆ ಮಣ್ಣಿನ ಕೊಳೆರೋಗದಿಂದ ಕಾಯುತ್ತವೆ. ಮೊಳಕೆಯೊಳಗೆ ನೆಲೆಸಿರುವ ಫ್ಯುಸೇರಿಯಂ ಅನ್ನು ಇವು ಮುಟ್ಟಲಾರವು, ಶೇ 16ರ ಕಾಳನ್ನು ಕಾಪಾಡಲಾರವು.

ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚುವವರು ನೀರಿನ ಅಳತೆ ಮರೆಯುತ್ತಾರೆ. ಕೆ.ಜಿ.ಗೆ 5 ಮಿ.ಲೀ. ಸಾಕು. 10 ಮಿ.ಲೀ. ಬಿದ್ದರೆ ಶೇ 11.5 ಇದ್ದ ಬೀಜ ಶೇ 12.4ಕ್ಕೆ ಏರುತ್ತದೆ, ಕಷ್ಟಪಟ್ಟು ಒಣಗಿಸಿದ ಒಂದು ಅಂಕ ಕೈಜಾರುತ್ತದೆ. ಹಚ್ಚಿದ ಮೇಲೆ ನೆರಳಿನಲ್ಲಿ ಆರಿಸಿ, ಮತ್ತೆ ಅಳೆದು ಚೀಲಕ್ಕೆ ತುಂಬಿ. ಕೈಗವಸು, ಮುಖಗವಸು ಬಿಡಬೇಡಿ. ಉಪಚರಿಸಿದ ಬೀಜಕ್ಕೆ ಎದ್ದುಕಾಣುವ ಬಣ್ಣ ಬೆರೆಸಿ, ಚೀಲದ ಮೇಲೆ ವಿಷವೆಂದು ಬರೆಯಿರಿ. ಅದು ಮುಂದೆ ಯಾರ ತಟ್ಟೆಗೂ, ಯಾವ ದನದ ಬಾಯಿಗೂ ಹೋಗಬಾರದು. ಉಳಿದದ್ದನ್ನು ತಿನ್ನುವ ಯೋಚನೆ ಇದ್ದರೆ ಬಿತ್ತುವ ದಿನದವರೆಗೂ ಔಷಧಿ ಹಚ್ಚಲೇಬೇಡಿ. ರೋಗ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಹಚ್ಚುವುದಾದರೆ ಅದೂ ಬಿತ್ತನೆಯ ಹೊತ್ತಿಗೇ. ಅದು ಜೀವಿ, ಒಣ ಚೀಲದಲ್ಲಿ, ಶಿಲೀಂಧ್ರನಾಶಕದ ಜೊತೆಯಲ್ಲಿ ತಿಂಗಳುಗಟ್ಟಲೆ ಬಾಳದು.

ಹುಳುವಿನ ಹತೋಟಿಯೂ ಬೂಷ್ಟಿನ ಹತೋಟಿಯೇ. ಸೊಂಡಿಲು ಕೀಟ ಕಾಳು ಕೊರೆದು ಬಾಗಿಲು ತೆರೆಯುತ್ತದೆ, ಮೈಮೇಲೆ ಬೀಜಾಣು ಹೊತ್ತು ಓಡಾಡುತ್ತದೆ, ಉಸಿರಾಡಿ ನೀರು ಬಿಡುತ್ತದೆ. ಹುಳು ಬಿದ್ದ ಶೇ 12ರ ರಾಶಿಯೂ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿಯುವಷ್ಟು ತೇವವಾಗಬಲ್ಲದು.

ಐದನೆಯ ಹೆಜ್ಜೆ: ಯಾವುದರಲ್ಲಿ ತುಂಬಿಡುವುದು

ಗೋಣಿಚೀಲ, ನೇಯ್ದ ಪ್ಲಾಸ್ಟಿಕ್ ಚೀಲಗಳು ಉಸಿರಾಡುತ್ತವೆ. ಕೋಣೆಯ ಗಾಳಿ ಒಣಗಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಆರ್ದ್ರತೆ ಶೇ 80ರ ಮೇಲೆ ವಾರಗಟ್ಟಲೆ ನಿಂತರೆ ಶೇ 12ರ ಬೀಜವೂ ಮೆಲ್ಲಗೆ 15, 16ಕ್ಕೆ ಏರುತ್ತದೆ. ಅಂಥ ಕಡೆ ಗಾಳಿಯಾಡದ ಚೀಲ ಅಥವಾ ಡಬ್ಬಿಯೇ ಬೇಕು. ಬಿಗಿಯಾಗಿ ಮುಚ್ಚಿದ ಚೀಲದಲ್ಲಿ ಹುಳುಗಳೇ ಆಮ್ಲಜನಕ ಮುಗಿಸಿಕೊಂಡು ಸಾಯುತ್ತವೆ. ಶಿಲೀಂಧ್ರ ಅಷ್ಟು ಸುಲಭಕ್ಕೆ ಬಗ್ಗದು. ಅದನ್ನು ತಡೆಯಲು ಆಮ್ಲಜನಕ ಶೇ 1ಕ್ಕಿಂತ ಕೆಳಗಿಳಿಯಬೇಕು. ಒದ್ದೆ ಕಾಳನ್ನು ಗಾಳಿಯಾಡದ ಚೀಲಕ್ಕೆ ತುಂಬಿದರೆ ಬೂಷ್ಟು ಬಾರದಿದ್ದರೂ ಹುಳಿ ವಾಸನೆ ಬಂದು ಮೊಳಕೆ ಸಾಯುತ್ತದೆ. ಈ ಚೀಲಗಳು ಒಣಗಿಸಿದ್ದನ್ನು ಕಾಯುತ್ತವೆ, ಒಣಗಿಸುವುದಿಲ್ಲ.

ಬಿಸಿಲು ಮಾತ್ರದಿಂದ ಶೇ 8ಕ್ಕೆ ಇಳಿಸುವುದು ಕಷ್ಟ. ಸಣ್ಣ ಪ್ರಮಾಣವಾದರೆ ನೀರು ಹೀರುವ ಜಿಯೋಲೈಟ್ ಎಂಬ ಖನಿಜದ ಮಣಿಗಳನ್ನು ಬಳಸಿ. 10 ಕೆ.ಜಿ. ಬೀಜವನ್ನು ಶೇ 12ರಿಂದ 8ಕ್ಕೆ ತರಲು ಸುಮಾರು 435 ಗ್ರಾಂ ನೀರು ಹೊರಬರಬೇಕು. ಮಣಿಗಳು ತಮ್ಮ ತೂಕದ ಐದನೇ ಒಂದು ಭಾಗ ನೀರು ಹೀರುತ್ತವೆಂದು ಹಿಡಿದರೆ 2.2 ಕೆ.ಜಿ. ಮಣಿ ಬೇಕು. ಜಾಳಿಗೆ ಚೀಲದಲ್ಲಿ ಕಟ್ಟಿ ಬೀಜದ ನಡುವೆ ಇಟ್ಟು ಡಬ್ಬಿ ಮುಚ್ಚಿ. ಗುರಿ ಮುಟ್ಟಿದ ಮೇಲೆ ಮಣಿ ತೆಗೆದು 200 ಡಿಗ್ರಿಯ ಮೇಲೆ ಕಾಯಿಸಿದರೆ ಮತ್ತೆ ಬಳಸಬಹುದು. ಡಬ್ಬಿಯನ್ನು ಕಂಠದವರೆಗೆ ತುಂಬಿ, ಪದೇ ಪದೇ ತೆರೆಯಬೇಡಿ. ಒಮ್ಮೆಗೆ ಬೇಕಾದಷ್ಟನ್ನು ಸಣ್ಣ ಡಬ್ಬಿಗಳಲ್ಲಿ ಬೇರೆಯಾಗಿಯೇ ಇಡಿ.

ಆರನೆಯ ಹೆಜ್ಜೆ: ಕೋಣೆ

ಚೀಲಗಳನ್ನು ನೆಲದಿಂದ 10ರಿಂದ 15 ಸೆಂ.ಮೀ. ಎತ್ತರದ ಮರದ ಹಲಗೆಗಳ ಮೇಲೆ, ಗೋಡೆಯಿಂದ ಅರ್ಧ ಮೀಟರ್ ದೂರದಲ್ಲಿ ಜೋಡಿಸಿ. ತಗಡಿನ ಮಾಡಾದರೆ ಅಡಿಯಲ್ಲಿ ಒಂದು ಪದರ ಚಾವಣಿ ಬೇಕು, ಇಲ್ಲವಾದರೆ ರಾತ್ರಿ ತಣಿದ ತಗಡಿನಿಂದ ಹನಿ ಉದುರಿ ಮೇಲಿನ ಸಾಲು ಹಾಳಾಗುತ್ತದೆ. ದೊಡ್ಡ ಕಣಜಗಳಲ್ಲಿ ಮೇಲ್ಪದರವಷ್ಟೇ ಬೂಷ್ಟು ಹಿಡಿಯುವುದಕ್ಕೂ ಇಂಥದೇ ಕಾರಣ: ಹೊರಗೆ ಚಳಿ ಬಿದ್ದಾಗ ನಡುವಿನ ಬೆಚ್ಚಗಿನ ಗಾಳಿ ತೇವ ಹೊತ್ತು ಮೇಲೇರಿ ತಣ್ಣಗಿನ ಕಾಳಿನ ಮೇಲೆ ಇಳಿಯುತ್ತದೆ.

ಗಾಳಿಯಾಡಲಿ ಎಂದು ಮಳೆಯ ದಿನವೂ ಕಿಟಕಿ ತೆರೆದಿಡುವುದು ತಪ್ಪು. ಹೊರಗಿನ ಗಾಳಿ ಕಾಳಿಗಿಂತ ತಂಪಾಗಿಯೂ, ಆರ್ದ್ರತೆ ಶೇ 65ಕ್ಕಿಂತ ಕಡಿಮೆಯೂ ಇದ್ದಾಗ ಮಾತ್ರ ತೆರೆಯಿರಿ ಅಥವಾ ಫ್ಯಾನ್ ಹಾಕಿ. ಉಳಿದ ಹೊತ್ತು ಮುಚ್ಚಿರಲಿ.

ಏಳನೆಯ ಹೆಜ್ಜೆ: ತಪಾಸಣೆ

ಎರಡು ವಾರಕ್ಕೊಮ್ಮೆ ಚೀಲಗಳ ನಡುವೆ ಉದ್ದ ಥರ್ಮಾಮೀಟರ್ ತೂರಿಸಿ ನೋಡಿ. ಒಂದು ಜಾಗ ಸುತ್ತಲಿಗಿಂತ 2-3 ಡಿಗ್ರಿ ಬೆಚ್ಚಗಿದ್ದರೆ ಅಲ್ಲೇನೋ ಉಸಿರಾಡುತ್ತಿದೆ, ಆ ಚೀಲವನ್ನು ಅಂದೇ ಹೊರಗೆಳೆಯಿರಿ. ವಾಸನೆಯನ್ನೂ ನಂಬಿ, ಆದರೆ ಮೂಗು ಹತ್ತಿರ ಒಯ್ದು ದೂಳು ಎಳೆದುಕೊಳ್ಳಬೇಡಿ.

ಎರಡು ಮೂರು ತಿಂಗಳಿಗೊಮ್ಮೆ ಮೊಳಕೆ ಪರೀಕ್ಷೆ ಮಾಡಿ. ಒಟ್ಟು 400 ಕಾಳು ಎಣಿಸಿ, ಐವತ್ತರಂತೆ ಒದ್ದೆ ಕಾಗದದಲ್ಲಿ ಸುರುಳಿ ಸುತ್ತಿ 25 ಡಿಗ್ರಿಯಲ್ಲಿ ನಿಲ್ಲಿಸಿ. ನಾಲ್ಕನೆಯ ಮತ್ತು ಏಳನೆಯ ದಿನ ಎಣಿಸಿ. ಕಾಗದದಿಂದ ನೀರು ತೊಟ್ಟಿಕ್ಕಬಾರದು. ಸತ್ತ ಕಾಳುಗಳನ್ನು ಎಸೆಯುವ ಮೊದಲು ಅವುಗಳ ಮೇಲಿನ ಬಣ್ಣ ನೋಡಿ. ಬಿಳಿ ಗುಲಾಬಿಯಾದರೆ ತಪ್ಪು ಹೊಲದಲ್ಲೋ ತೆನೆ ಆಯುವಲ್ಲೋ ಆಗಿದೆ. ಹಸಿರು, ಕಪ್ಪು, ನೀಲಿಯಾದರೆ ಒಣಗಿಸುವಲ್ಲಿ ಅಥವಾ ಕೋಣೆಯಲ್ಲಿ. ಮುಂದಿನ ಸಲ ಯಾವ ಹೆಜ್ಜೆ ತಿದ್ದಬೇಕೆಂದು ಇಷ್ಟು ನೇರವಾಗಿ ಹೇಳುವ ಪರೀಕ್ಷೆ ಬೇರೆ ಇಲ್ಲ.

ಬೂಷ್ಟು ಹಿಡಿದೇ ಬಿಟ್ಟರೆ

ಹಿಡಿದ ಚೀಲ ಮತ್ತು ಅದಕ್ಕೆ ತಾಗಿದ್ದ ಚೀಲಗಳನ್ನು ಬೇರೆ ಮಾಡಿ. ಬಿಚ್ಚುವ ಮೊದಲು ಎನ್95 ಮುಖಗವಸು ಹಾಕಿಕೊಳ್ಳಿ. ಉಂಡೆಗಟ್ಟಿದ್ದು, ಬಣ್ಣ ತಿರುಗಿದ್ದು ತೆಗೆದು ಉಳಿದದ್ದನ್ನು ಶೇ 12ಕ್ಕೆ ಇಳಿಸಿ, ಮೊಳಕೆ ಪರೀಕ್ಷಿಸಿ. ಶೇ 90ರ ಮೇಲಿದ್ದರೆ ಉಪಚರಿಸಿ ಮೊದಲ ಬಿತ್ತನೆಗೇ ಬಳಸಿ, ಮತ್ತೊಂದು ಮಳೆಗಾಲ ಇಡಬೇಡಿ. 80ರ ಸುಮಾರಿದ್ದರೆ ಬೀಜದ ಪ್ರಮಾಣ ಹೆಚ್ಚಿಸಿ ಬಿತ್ತಬಹುದು, ಆದರೆ ಹುಟ್ಟಿದ ಸಸಿಗಳೂ ನಿತ್ರಾಣವಾಗಿರುತ್ತವೆಂಬುದು ಗಮನದಲ್ಲಿರಲಿ. ಅದಕ್ಕೂ ಕೆಳಗಾದರೆ ಬೀಜವೆಂದು ಕರೆಯುವುದೇ ಬೇಡ.

ಬೀಜಕ್ಕಾಗದ್ದನ್ನು ತಿನ್ನಲು ಅಥವಾ ದನ, ಕೋಳಿಗೆ ಹಾಕಲು ಹೋಗಬೇಡಿ. ತೊಳೆದು ಒಣಗಿಸಿದರೆ ಹಸಿರು ಹೋಗುತ್ತದೆ, ವಿಷ ಉಳಿಯುತ್ತದೆ. ಅಡುಗೆಯ ಬಿಸಿಗೆ ಅಫ್ಲಟಾಕ್ಸಿನ್ ಪೂರ್ತಿ ನಾಶವಾಗುವುದಿಲ್ಲ. 1974ರಲ್ಲಿ ಪಶ್ಚಿಮ ಭಾರತದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು, 2004ರಲ್ಲಿ ಕೆನ್ಯಾದಲ್ಲಿ 125 ಜನ. ಹಸು ತಿಂದರೆ ವಿಷದ ಒಂದು ಅಂಶ ಹಾಲಿಗೂ ಇಳಿಯುತ್ತದೆ. ಒಳ್ಳೆಯ ಕಾಳಿನೊಂದಿಗೆ ಬೆರೆಸಿ ಅಂಶ ತಗ್ಗಿಸುವ ಉಪಾಯವೂ ಬೇಡ, ಎರಡೂ ಕೆಡುತ್ತವೆ. ಔಷಧಿ ಹಚ್ಚದ ಕಾಳಾದರೆ ಹೊಲ, ಬಾವಿಗಳಿಂದ ದೂರ ಆಳವಾಗಿ ಹೂತುಬಿಡಿ. ಔಷಧಿ ಹಚ್ಚಿದ್ದನ್ನು ಸುಡುವುದಾಗಲಿ, ಎಲ್ಲೆಂದರಲ್ಲಿ ಹೂಳುವುದಾಗಲಿ ಸಲ್ಲದು; ಅದಕ್ಕೆ ಕೀಟನಾಶಕ ವಿಲೇವಾರಿಯ ನಿಯಮವೇ ಅನ್ವಯ.

ಕೋಣೆ ಖಾಲಿಯಾದ ಮೇಲೆ ಬಿರುಕು, ಮೂಲೆ, ಹಲಗೆಯ ಸಂದುಗಳಲ್ಲಿ ಉಳಿದ ಕಾಳು, ದೂಳನ್ನೆಲ್ಲ ಗುಡಿಸಿ ಹೊರಹಾಕಿ, ಬಿರುಕುಗಳಿಗೆ ಗಾರೆ ತುಂಬಿ. ಹಳೆಯ ಗೋಣಿಚೀಲಗಳನ್ನು ತಿರುವಿ ಒಳಮೈ ಹೊರಗೆ ಮಾಡಿ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಬೂಷ್ಟು ಹಿಡಿದ ರಾಶಿಯ ಚೀಲಗಳನ್ನು ಮಾತ್ರ ಮತ್ತೆ ಬೀಜಕ್ಕೆ ಬಳಸಬೇಡಿ. ಗೋಡೆ, ನೆಲ ತೊಳೆದಿದ್ದರೆ ಹೈಗ್ರೋಮೀಟರ್ ಒಂದು ವಾರ ಒಳಗಿಟ್ಟು, ಅಂಕಿ ಶೇ 65ರ ಕೆಳಗೆ ನಿಂತದ್ದು ನೋಡಿಯೇ ಹೊಸ ಬೀಜ ಒಳಗೆ ತನ್ನಿ.